ಮುಂದಿನ ವರ್ಷದ ಮೈಗೆ ಹೊಲಿದ ಕುಬುಸ

ಕಳೆದ ವಾರ ಮಗಳು ನನಗೊಂದು ನೈಟಿ ತಂದಳು. ಬಾಗಿಲಿಗೆ ಕಟ್ಟಿದರೆ ಪರದೆಯಾಗುವಷ್ಟು ಅಗಲವಿತ್ತು. ಕೊರಳ ಹಿಂದೆ ಹೊಲಿದ ಚೀಟಿಯ ಮೇಲೆ 'ಫ್ರೀ ಸೈಜ್' ಎಂದು ಅಚ್ಚಾಗಿತ್ತು. "ಯಾರಿಗರ ಆಗ್ತದವ್ವ, ಈಗ ಇದ ನಡದದ" ಎಂದಳು, ಏನೋ ಹೊಸದನ್ನು ಕಂಡುಹಿಡಿದವಳ ಹಾಗೆ. ನನಗೆ ನಗು ತಡೆಯಲಿಲ್ಲ. ಯಾರಿಗಾದರೂ ಆಗುವ ಬಟ್ಟೆ ಯಾರಿಗೂ ಆಗುವುದಿಲ್ಲ ಎಂಬ ಪಾಠವನ್ನು ನಾನು ದೇವದುರ್ಗದಲ್ಲಿ ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಕಲಿಸಿದವಳು ನನ್ನ ದೊಡ್ಡವ್ವ. ಅವಳು ಚೀಟಿ ಹಚ್ಚುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಬರುವಾಗ ಒಂದು ಟ್ರಂಕು, ಒಂದು ಕಬ್ಬಿಣದ ಕತ್ತರಿ ಮತ್ತು ಜಗತ್ತಿನ ಸಕಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯವನ್ನು ತಂದಿದ್ದಳು. ಮನೆಯ ಹೆಣ್ಣುಮಕ್ಕಳ ಬಟ್ಟೆಯೆಲ್ಲ ಅವಳ ಕೈಹೊಲಿಗೆ. ಹೊಲಿಗೆ ಮಷಿನ್ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಮಷಿನ್ ಹೊಲಿಗಿ ಬಾಯಿಬಡಕಿ ಇದ್ದಂಗ. ಒಂದು ದಾರ ಜಗ್ಗಿದ್ರ ಎಲ್ಲಾ ಬಿಚ್ಚಿ ಇಡ್ತದ" ಎನ್ನುತ್ತಿದ್ದಳು. ಆ ಕತ್ತರಿಯನ್ನಂತೂ ಮನೆಯಲ್ಲಿ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅಪ್ಪ ಒಮ್ಮೆ ನಮ್ಮ ಕಿರಾಣಿ ಅಂಗಡಿಯ ಬೆಲ್ಲದ ಚೀಲದ ಬಾಯಿಯನ್ನು ಅದರಿಂದ ಕತ್ತರಿಸಿದ್ದಕ್ಕೆ, ಅಮಾವಾಸ್ಯೆಯವರೆಗೂ ಅವರ ಜೊತೆ ಮಾತು ಬಿಟ್ಟಿದ್ದಳು. ಸ್ವಂತ ಮನೆಯಲ್ಲಿ ಅಪ್ಪ ಮಾವನ ಮನೆಗೆ ಬಂದ ಅಳಿಯನಂತೆ ಸಪ್ಪಗೆ ಓಡಾಡಿಕೊಂಡಿದ್ದದ್ದು ನನಗೆ ನೆನಪಿದೆ.

ಹೊಲಿದು ಮುಗಿಸಿದ ಪ್ರತಿ ಬಟ್ಟೆಯ ಒಳಮೂಲೆಗೆ ದೊಡ್ಡವ್ವ ಕೆಂಪು ದಾರದಲ್ಲಿ ಒಂದು ಅಡ್ಡ, ಒಂದು ಉದ್ದ ಹೊಲಿಗೆಯ ಟಾಕಿ ಹಾಕುತ್ತಿದ್ದಳು. ದೃಷ್ಟಿ ಆಗಬಾರದಂತೆ. ಅವಳು ಹೊಲಿದ ಬಟ್ಟೆಗೆ ದೃಷ್ಟಿ ಹಾಕುವಷ್ಟು ಧೈರ್ಯದ ಕಣ್ಣು ಊರಲ್ಲಿ ಯಾವುದಿತ್ತೋ, ನಾನು ಕಾಣೆ.

ಯಾಕೆಂದರೆ ದೊಡ್ಡವ್ವ ಅಳತೆ ತೆಗೆದುಕೊಳ್ಳುತ್ತಿರಲಿಲ್ಲ. ಹೆಣ್ಣುಮಕ್ಕಳ ಮೈ ಅಳೆದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದು ಅವಳ ಶಾಸ್ತ್ರ. ನನಗೆ ಲಂಗ ಹೊಲಿಯಬೇಕಾದರೆ ನನ್ನನ್ನು ನೋಡುತ್ತಲೇ ಇರಲಿಲ್ಲ. ಓಣಿಯಲ್ಲಿ ನನಗಿಂತ ಎರಡು ವರ್ಷ ದೊಡ್ಡವಳೊಬ್ಬಳು ನೀರು ಹೊತ್ತುಕೊಂಡು ಹೋಗುತ್ತಿದ್ದರೆ ಅವಳನ್ನು ಕಣ್ಣು ಕಿರಿದು ಮಾಡಿ ನೋಡಿ, "ಹ್ಞಾಂ, ನಮ್ಮ ಸುಮಿ ಮುಂದಿನ ವರ್ಷ ಇಷ್ಟು ಆಗ್ತಾಳ" ಎಂದು ಕತ್ತರಿ ಎತ್ತುತ್ತಿದ್ದಳು. ಹೀಗೆ ಮುಂದಿನ ವರ್ಷದ ಸುಮಿಗೆ ಹೊಲಿದ ಬಟ್ಟೆಯನ್ನು ಈ ವರ್ಷದ ಸುಮಿ ತೊಡಬೇಕು. ಮುಂದಿನ ವರ್ಷ ಬಂದು, ಬಟ್ಟೆ ಇನ್ನೇನು ಮೈಗೆ ಒಪ್ಪಬೇಕು ಎನ್ನುವಷ್ಟರಲ್ಲಿ ಅದು ಹಳೆಯದಾಗಿ ತಂಗಿಗೆ ಹೋಗುತ್ತಿತ್ತು. ಅವಳಿಗೋ, ಅದು ಮೂರು ವರ್ಷ ಮುಂದಿನ ಬಟ್ಟೆ.

ಲಂಗದ ಕೆಳಗೆ ಮಡಿಕೆಗಳು ಬೇರೆ. ಯುಗಾದಿಗೊಂದು ಮಡಿಕೆ ಬಿಚ್ಚುವುದು ಪದ್ಧತಿ. ಬಿಚ್ಚಿದಲ್ಲಿ ಬಿಸಿಲು ಕಾಣದ ಹೊಸ ಬಣ್ಣದ ಪಟ್ಟಿ, ಅದರ ಮೇಲೆ ಒಗೆದೊಗೆದು ಮಾಸಿದ ಹಳೆಯ ಬಣ್ಣ. ನಮ್ಮ ಶಾಲೆಯ ಅಕ್ಕೋರು ಹಾಜರಿ ಪುಸ್ತಕ ತೆಗೆಯದೆ ನನ್ನ ಲಂಗದ ಪಟ್ಟಿ ಎಣಿಸಿಯೇ ನಾನು ಯಾವ ಇಯತ್ತೆ ಎಂದು ಹೇಳಬಹುದಿತ್ತು. ಒಮ್ಮೆ ಹೇಳಿಯೂ ಹೇಳಿದರು. ಇಡೀ ವರ್ಗ ನಕ್ಕಿತು. ಮನೆಗೆ ಬಂದು ಅತ್ತರೆ ದೊಡ್ಡವ್ವ, "ನಗೋರ ಮುಂದ ಎಡವಿ ಬೀಳಬ್ಯಾಡ, ಲಂಗ ಎತ್ತಿ ಹಿಡಕೊಂಡು ನಡಿ" ಎಂದಳು. ಅದಾದರೂ ಉಪಯೋಗದ ಮಾತು, ಯಾಕೆಂದರೆ ನಾನು ದಿನಾ ಎಡವುತ್ತಿದ್ದೆ.

ನನ್ನ ತಮ್ಮನ ಕಥೆ ಹಾಗಲ್ಲ. ಅವನ ಚಡ್ಡಿ ಅಂಗಿಗೆ ಬಜಾರದ ದರ್ಜಿ. ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಭುಜ, ತೋಳು, ಸೊಂಟ ಎಂದು ಅಳೆಯುತ್ತಿದ್ದರೆ, ಇಡೀ ಮನೆ ದೇವರಿಗೆ ಅಭಿಷೇಕ ನಡೆದಂತೆ ನಿಂತು ನೋಡುತ್ತಿತ್ತು. ಅವನೂ ಬೆಳೆಯುವ ಹುಡುಗನೇ ಅಲ್ಲವೇ ಎಂದು ನಾನು ಕೇಳಿದ್ದೆ. "ಅವ ಗಂಡುಹುಡುಗ ಬೇ. ಇವತ್ತು ಚಂದ ಕಾಣಬೇಕು. ನೀ ಹೆಂಗೂ ಮುಂದಿನ ಮನಿಗೆ ಹೋಗಾಕಿ" ಎಂದಳು ದೊಡ್ಡವ್ವ. ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಅದೇ ಸಿಟ್ಟಿನ ವಿಷಯ. ಹುಡುಗಿಯ ಊಟ, ಓದು, ನಡಿಗೆ, ನಗು ಎಲ್ಲವೂ ಮುಂದಿನ ಯಾವುದೋ ಮನೆಯ ಅಳತೆಗೆ. ಈ ಹೊತ್ತು ಈ ಮನೆಯಲ್ಲಿ ನಿಂತಿರುವವಳ ಅಳತೆ ಯಾರಿಗೂ ಬೇಕಿಲ್ಲ. ನನಗೆ ಬುದ್ಧಿ ತಿಳಿದಂದಿನಿಂದ ಒಂದೇ ಆಸೆ ಇತ್ತು. ಒಂದೇ ಒಂದು ಬಟ್ಟೆ, ಅವತ್ತಿನ ನನಗೆ, ಒಂದು ಮಡಿಕೆಯೂ ಇಲ್ಲದ ಹಾಗೆ.

ಬಟ್ಟೆಯ ವಿಷಯದಲ್ಲಿ ಇಷ್ಟು ಧಾರಾಳಿಯಾದ ದೊಡ್ಡವ್ವ ಖಣದ ವಿಷಯದಲ್ಲಿ ಮಾತ್ರ ಬೇರೆಯೇ ಹೆಂಗಸು. ಖಣ ಎಂದರೆ ನಿಮಗೆ ಗೊತ್ತಲ್ಲ, ಮದುವೆ, ಮುಂಜಿ, ಉಡಿ ತುಂಬುವಾಗ ಮುತ್ತೈದೆಯರಿಗೆ ಕೊಡುವ ಕುಬುಸದ ತುಂಡು. ಅದನ್ನು ಪಡೆದವರು ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಮತ್ತೊಬ್ಬರಿಗೆ. ನಮ್ಮ ಸೀಮೆಯಲ್ಲಿ ಬಸ್ಸು ಹೋಗದ ಹಳ್ಳಿಗಳಿಗೂ ಖಣ ಹೋಗಿ ಬಂದಿದೆ. ಕೊಡುವಾಗ ಅದನ್ನು ಮೂರು ಮೂಲೆಯಾಗಿ ಬಿಗಿಯಾಗಿ ಮಡಚಿ, ಮೇಲೆ ಅರಿಶಿನ ಕುಂಕುಮ ಇಟ್ಟು ಕೊಡುತ್ತಾರೆ. ಮಡಿಕೆ ಬಿಚ್ಚಿ ನೋಡುವುದು ಮರ್ಯಾದೆಯಲ್ಲ. ಈ ಮರ್ಯಾದೆಯ ಪೂರ್ತಿ ಲಾಭ ಪಡೆದವಳು ದೊಡ್ಡವ್ವ. ಒಂದು ಖಣದಲ್ಲಿ ಎರಡು ಖಣ ಕತ್ತರಿಸಿ, ದಾರ ಬಿಚ್ಚದಂತೆ ಅಂಚಿಗೆ ಹೊಲಿಗೆ ಹಾಕಿ, ಮಡಚಿ, ಜೋಡಿಸಿ ಇಡುತ್ತಿದ್ದಳು. ಮಡಚಲು ನಾನೇ ಕೂರುತ್ತಿದ್ದೆ. "ದೊಡ್ಡವ್ವ, ಇದ್ರಾಗ ಗೊಂಬಿಗೂ ಕುಬಸ ಆಗಲ್ಲ" ಎಂದರೆ, "ಹೊಲಿಸೋರು ಯಾರದಾರ? ಸುತ್ತಾಕ ಬಿಟ್ಟ ಸಾಮಾನು ಸಣ್ಣದಿದ್ರ ಹಗುರ ಸುತ್ತತದ" ಎನ್ನುತ್ತಿದ್ದಳು.

ಪಿ.ಯು.ಸಿಗೆ ನನ್ನನ್ನು ರಾಯಚೂರಿಗೆ ಕಳಿಸಿದರು. ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಮೈಗೆ ಅಂಟಿಕೊಂಡಂಥ ಜಂಪರು ತೊಟ್ಟು ತಿರುಗುತ್ತಿದ್ದ ಕಾಲ. ರಾಯಚೂರಿನ ಬಿಸಿಲಲ್ಲಿ, ನೈಲಾನಿನಲ್ಲಿ, ಅದೂ ಬಿಗಿಯಾಗಿ! ಬೆವರಿ ಬೆಂದು ಹೋಗುತ್ತಿದ್ದರೂ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಬಿಸಿಲಿಗೆ ಯೋಗ್ಯವಾದ ಬಟ್ಟೆ ಇಡೀ ಹಾಸ್ಟೆಲಿನಲ್ಲಿ ನನ್ನೊಬ್ಬಳದೇ ಇತ್ತು. ಗಾಳಿ ಎಡದೋಳಿನಿಂದ ಹೊಕ್ಕು ಬಲದೋಳಿನಿಂದ ಆರಾಮಾಗಿ ಹೊರಬೀಳುತ್ತಿತ್ತು. ನನ್ನ ಹೆಸರು 'ಡೇರೆ' ಎಂದಾಯಿತು. ನಾನು ಬೇರೆ ದಾರಿ ಕಾಣದೆ ಸೂಜಿ ಹಿಡಿದು ಜಂಪರಿನ ಬದಿಗಳನ್ನು ಒಳಗೆ ಹಿಡಿದು ಹೊಲಿದುಕೊಂಡೆ. ರಜೆಗೆ ಊರಿಗೆ ಹೋದಾಗ ದೊಡ್ಡವ್ವ ಒಗೆಯುವ ನೆಪದಲ್ಲಿ ಎಲ್ಲ ಬಿಚ್ಚಿ ಹಾಕಿದಳು. ಮತ್ತೆ ಹೊಲಿದುಕೊಂಡೆ. ಮತ್ತೆ ಬಿಚ್ಚಿದಳು. ಓದಿದ್ದು ಏನೆಂದು ಕೇಳಿದರೆ ಈಗ ಹೇಳಲಾರೆ, ಆದರೆ ಹೊಲಿಗೆ ಮಾತ್ರ ಚೆನ್ನಾಗಿ ಕಲಿತೆ.

ಮದುವೆ ಮಾನ್ವಿಗೆ ಆಯಿತು. ಅಕ್ಕಿ ಮಿಲ್ಲಿನ ಮನೆ. ಮನೆತನ ದೊಡ್ಡದು, ಅದನ್ನು ದಿನಾ ನೆನಪಿಸುವವರೂ ಮನೆಯಲ್ಲೇ ಇದ್ದರು. ಗಂಡನಿಗೆ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಹಾಗಾಗಿ ನಾವಿಬ್ಬರೂ ಅಲ್ಲಿನ ಕ್ವಾರ್ಟರ್ಸಿನಲ್ಲಿ. ಮುಂದಿನ ಮನೆ ಎಂದು ಇಷ್ಟು ವರ್ಷ ಹೇಳಿದ್ದ ಮನೆ ಬಂದಿತ್ತು. ಇನ್ನಾದರೂ ನನ್ನ ಬಟ್ಟೆ ನನ್ನ ಮೈಗೆ ಬರಬಹುದು ಎಂದುಕೊಂಡೆ. ಬಸುರಿಯಾದೆ.

ಹೊಟ್ಟೆ ಇನ್ನೂ ಕಾಣಿಸದಿದ್ದ ಹೊತ್ತಿಗೆ ನಾಗರ ಪಂಚಮಿ ಬಂತು, ತವರಿಗೆ ಹೋದೆ. ದೊಡ್ಡವ್ವ ಟ್ರಂಕು ತೆಗೆದು ಹಸಿರು ಖಣದ ಕುಬುಸ ಹೊರತೆಗೆದಳು. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬುಸ ತೊಡಿಸುವ ಕಾರ್ಯಕ್ಕೆ ನಮ್ಮಲ್ಲಿ ಕುಬುಸದ ಕಾರ್ಯ ಎಂದೇ ಹೆಸರು. ಊಟ ಕೆಟ್ಟರೆ ಕ್ಷಮಿಸುತ್ತಾರೆ, ಕುಬುಸ ಕೆಟ್ಟರೆ ಇಲ್ಲ. ದೊಡ್ಡವ್ವ ಅದನ್ನು, ನನಗೆ ಮುಟ್ಟು ನಿಂತ ಸುದ್ದಿ ಕೇಳಿದ ಕೂಡಲೇ, ಹೊಲಿಯಲು ಕುಳಿತಿದ್ದಳಂತೆ. ಅಂಚಿನ ತುಂಬ ಗೋಧಿಕಾಳಿನ ಹಾಗೆ ಸಣ್ಣ ಸಣ್ಣ ಹೊಲಿಗೆ, ಬೆನ್ನಿಗೆ ಕೈಕಸೂತಿಯ ಗೋಪುರ, ಮೂಲೆಯಲ್ಲಿ ಕೆಂಪು ಟಾಕಿ. ಚಂದವಿತ್ತು, ಸುಳ್ಳು ಹೇಳಬಾರದು. ತೊಟ್ಟು ನೋಡಿದೆ. ಅದರೊಳಗೆ ನನ್ನ ಜೊತೆ ತಂಗಿಯೂ ಹಿಡಿಯುತ್ತಿದ್ದಳು.

"ಇದೇನ ದೊಡ್ಡವ್ವ, ಈಗರ ನನ್ನ ಅಳತಿ ನೋಡಬಾರ್ದಾ?"

"ಬೆಳೆಯೋ ಮೈ ಅದ. ಮುಂದಿನ ಕುಬಸಕ್ಕೂ ಇದ ಬರ್ತದ."

ಹೊಟ್ಟೆಯಲ್ಲಿರುವುದು ಇನ್ನೂ ಹುಟ್ಟಿಲ್ಲ, ಅಷ್ಟರಲ್ಲೇ ಅದರ ತಮ್ಮನಿಗೂ ಸೇರಿಸಿ ಹೊಲಿದಿದ್ದಳು! ನನಗೆ ಎಲ್ಲಿತ್ತೋ ಹಟ ಬಂತು. ಸೀರೆಗೆ ಬಣ್ಣ ಹೊಂದಿಸಿ ನೋಡಬೇಕು, ಆಮೇಲೆ ಕಳಿಸಿಕೊಡುತ್ತೇನೆ ಎಂದು ಕುಬುಸವನ್ನು ಚೀಲಕ್ಕೆ ಹಾಕಿಕೊಂಡು ಶಕ್ತಿನಗರಕ್ಕೆ ಬಂದೆ. ಮರುವಾರವೇ ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಗಲ್ಲಿಯೊಂದರಲ್ಲಿ ಲೇಡೀಸ್ ಟೇಲರನ ಅಂಗಡಿಯ ಮುಂದೆ ನಿಂತಿದ್ದೆ.

ಅಲ್ಲಿ ಅಳತೆ ತೆಗೆಯುವವಳು ಮಾಸ್ಟರನ ಹೆಂಡತಿ. ಹೆಂಗಸರ ಮಾನ ಕಾಪಾಡಲು ಪರದೆ ಕಟ್ಟಿದ್ದರು. ಪರದೆಯ ಒಳಗೆ ಅವಳು ಅಳೆಯುವುದು, ಹೊರಗೆ ಮಷಿನಿನ ಮುಂದೆ ಕುಳಿತ ಗಂಡ ಬರೆದುಕೊಳ್ಳುವುದು. ಮಷಿನಿನ ಸದ್ದಿನಲ್ಲಿ ಅವನಿಗೆ ಕೇಳಿಸಬೇಕಲ್ಲ, ಹಾಗಾಗಿ ಅವಳು ಕೂಗುತ್ತಿದ್ದಳು. ನನ್ನ ಮಾನ ಪರದೆಯ ಒಳಗೆ ಸುರಕ್ಷಿತವಾಗಿತ್ತು, ನನ್ನ ಅಳತೆ ಮಾತ್ರ ಎದುರಿನ ಪಾನ್ ಅಂಗಡಿಯವರೆಗೂ ಹೋಗುತ್ತಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಮೈಗೆ ಟೇಪು ಬಿದ್ದಿದೆ, ಅದೂ ಊರಿಗೆ ಕೇಳುವ ಹಾಗೆ. ಅಂಥ ಹೊತ್ತಿನಲ್ಲಿ ಯಾವ ಹೆಂಗಸು ತಾನೇ ಉಸಿರು ಬಿಡುತ್ತಾಳೆ, ನೀವೇ ಹೇಳಿ. ನಾನು ಹೊಟ್ಟೆ ಎದೆ ಎಲ್ಲ ಒಳಗೆಳೆದುಕೊಂಡು, ಚಿತ್ರಪಟದ ಹಾಗೆ ನಿಂತೆ.

"ಉಸುರು ಬಿಡವ್ವಾ, ಎಷ್ಟೊತ್ತು ಹಿಡೀತಿ?" ಎಂದಳು ಅವಳು.

"ನಾ ಇರೋದ ಹಿಂಗ" ಎಂದೆ, ಉಸಿರು ಬಿಡದೆಯೇ.

ಅವಳು ಟೇಪು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾಲ್ಕು ಮಕ್ಕಳ ತಾಯಿ ಇದ್ದಿರಬೇಕು. "ಏನರ ವಿಶೇಷ ಅದ ಏನವ್ವಾ? ಇದ್ರ ಹೇಳು, ಅದರಂಗ ಸಡಲ ಬಿಡಸ್ತೀನಿ" ಎಂದು ಮೆಲ್ಲಗೆ ಕೇಳಿದಳು. ಆ ಬಾಯಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ಗೊತ್ತಾದದ್ದೇ ಆಗ. ಆದರೆ ಕುಬುಸದ ಕಾರ್ಯ ಆಗುವವರೆಗೆ ಬಸುರಿನ ಮಾತನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಹೊಟ್ಟೆ ಮುಂದೆ ಬಂದು ನಿಂತಿದ್ದರೂ ಕೇಳಿದವರಿಗೆ ಪಿತ್ತ ಎನ್ನಬೇಕು. ನಾನು ಓದಿದವಳು, ಇಂಥದನ್ನೆಲ್ಲ ನಂಬದವಳು, ಶಾಸ್ತ್ರದ ಪ್ರಕಾರವೇ ತಲೆಯಾಡಿಸಿ, "ಏನಿಲ್ರಿ" ಎಂದೆ.

ಮಾಸ್ಟರ್ ಕುಬುಸ ಹರಡಿ ನೋಡಿ ಗಾಬರಿಯಾದ. ಗಂಟು ಕಟ್ಟುವ ಕಡೆ ಹುಕ್ಕು, ಮೊಣಕೈವರೆಗಿನ ತೋಳು ಕಡಿದು ಗುಬ್ಬಿತೋಳು, ಕೊರಳು ಅಗಲ, ಬದಿ ಬಿಗಿ ಎಂದೆಲ್ಲ ನಾನು ಹೇಳಿದ್ದನ್ನು ಕೇಳಿಸಿಕೊಂಡ. ಆಮೇಲೆ ಕೇಳಿದ, "ಅರಿವಿ ಭಾಳ ಉಳೀತದ ಅಕ್ಕಾ. ಒಳಗ ಮಡಚಿ ಇಡ್ಲೇನು, ಕಟ್ ಮಾಡ್ಲೇನು?"

ಅವನಿಗೆ ಏನು ಗೊತ್ತು, ಅದು ನನ್ನ ಇಡೀ ಬಾಲ್ಯದ ಪ್ರಶ್ನೆ ಎಂದು? "ಕಟ್ ಮಾಡ್ರಿ. ಒಳಗ ಒಂದು ಬೆರಳಷ್ಟೂ ಇರಬಾರ್ದು" ಎಂದೆ.

ಹೊಲಿದು ಕೊಟ್ಟ ದಿನ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಉಸಿರು ಹಿಡಿದು ತೊಟ್ಟೆ. ಕನ್ನಡಿಯಲ್ಲಿ ನಿಂತಿದ್ದವಳನ್ನು ನಾನು ಮೊದಲು ನೋಡಿರಲಿಲ್ಲ. ಅವಳಿಗೆ ಭುಜವಿತ್ತು, ಸೊಂಟವಿತ್ತು. ಇಷ್ಟು ವರ್ಷ ಇವಳನ್ನು ಎಲ್ಲಿ ಬಚ್ಚಿಟ್ಟಿದ್ದರು ಎಂದು ನನಗೆ ಖುಷಿಯೂ ಸಿಟ್ಟೂ ಒಟ್ಟಿಗೇ ಬಂದವು. ಗಂಡ ನೋಡಿ, "ಚಂದ ಅದ. ಇದನ್ನ ಹಾಕ್ಕೊಂಡು ಊಟ ಮಾಡಾಕ ಬರ್ತದೇನು?" ಎಂದರು. ಗಂಡಸರಿಗೆ ಎಲ್ಲದರಲ್ಲೂ ಊಟದ್ದೇ ಚಿಂತೆ.

ಕುಬುಸವನ್ನು ಮಡಚಿ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ, ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದೆ. ಅರಿಶಿನ ಕಂಡ ಗಂಟನ್ನು ಕಾರ್ಯದ ದಿನದವರೆಗೆ ದೊಡ್ಡವ್ವ ಬಿಚ್ಚುವುದಿಲ್ಲವೆಂದು ನನಗೆ ಗೊತ್ತಿತ್ತು. ನನಗೆ ಹೊಳೆಯದೇ ಹೋದದ್ದು ಒಂದೇ. ಕಾರ್ಯ ಇದ್ದದ್ದು ಏಳನೇ ತಿಂಗಳಲ್ಲಿ, ನಾನು ಅಳತೆ ಕೊಟ್ಟದ್ದು ನಾಲ್ಕರಲ್ಲಿ. ಈ ಲೆಕ್ಕ ಇಡೀ ದೇಶದ ಎಲ್ಲ ಬಸುರಿಯರಿಗೂ ಹೊಳೆದಿರುತ್ತದೆ, ನನ್ನೊಬ್ಬಳನ್ನು ಬಿಟ್ಟು.

ಕಾರ್ಯದ ದಿನ ಮಾನ್ವಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಲೂರಿನಿಂದ, ಪೋತ್ನಾಳದಿಂದ ಬಂದ ಬೀಗರ ಹೆಂಗಸರೆಲ್ಲ ಪಡಸಾಲೆ ತುಂಬ ಕುಳಿತು, ತವರಿನವರು ತಂದ ತಟ್ಟೆಗಳನ್ನು ಕಣ್ಣಲ್ಲೇ ತೂಗುತ್ತಿದ್ದರು. ಅವ್ವ ಮತ್ತು ದೊಡ್ಡವ್ವ ಹೋಳಿಗೆ, ಕರಿಗಡುಬು, ಬುತ್ತಿ ಹೊತ್ತು ಬೆಳಿಗ್ಗೆಯೇ ಬಂದಿದ್ದರು. ವಿಧವೆಯೆಂದು ದೊಡ್ಡವ್ವ ಪಡಸಾಲೆಗೆ ಬರಲಿಲ್ಲ. ಬರಬಾರದೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಅವಳು ಹೊಲಿದ ಕುಬುಸ ಅರಿಶಿನ ಹಚ್ಚಿಕೊಂಡು ಮೆರವಣಿಗೆಯಲ್ಲಿ ಮುಂದೆ ಹೋಗುವುದು, ಅವಳು ಮಾತ್ರ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂರುವುದು. ಇದಕ್ಕೂ ಶಾಸ್ತ್ರವೆಂದೇ ಹೆಸರು.

ಹಾಗಾಗಿ ನನ್ನನ್ನು ಸಿಂಗರಿಸಲು ಒಳಕೋಣೆಗೆ ಕರೆದೊಯ್ದಾಗ ದೊಡ್ಡವ್ವ ಅಲ್ಲೇ ಇದ್ದಳು. ಜೊತೆಗೆ ನನ್ನ ಅತ್ತೆ, ಅತ್ತೆಯ ತಂಗಿ ಪೋತ್ನಾಳದ ನೀಲಮ್ಮ, ಇನ್ನು ಮೂರು ನಾಲ್ಕು ಹೆಂಗಸರು. ನೀಲಮ್ಮನೇ ಗಂಟು ಬಿಚ್ಚಿ ಕುಬುಸ ತೊಡಿಸತೊಡಗಿದಳು. ತೋಳು ಮೊಣಕೈ ದಾಟಿ ಮೇಲೆ ಹೋಗಲು ಒಪ್ಪಲಿಲ್ಲ. ಎಣ್ಣೆ ಹಚ್ಚಿ ಹತ್ತಿಸಿದರು. ಇನ್ನು ಮುಂಭಾಗ. ನಾನು ಉಸಿರು ಹಿಡಿದೆ. ಈ ಸಲ ಹಿಡಿಯಲು ಜಾಗವೇ ಇರಲಿಲ್ಲ, ಒಳಗಿದ್ದವರು ಬಿಡಬೇಕಲ್ಲ. ಹುಕ್ಕಿಗೂ ಅದರ ಜೋಡಿಗೂ ನಡುವೆ ಒಂದು ಗೇಣು ಅಂತರ ಉಳಿಯಿತು.

ನೀಲಮ್ಮ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಪಡಸಾಲೆಗೂ ಕೇಳುವ ಹಾಗೆ ಹೇಳಿದಳು. "ಅಯ್ಯ, ಮಿಲ್ಲಿನ ಮನಿಗೆ ತಂದ ಕುಬಸ ನೋಡ್ರೇ! ಅರಿವಿ ಸಾಲಲಿಲ್ಲೇನ್ರಿ ಬೀಗ್ತಿ? ಹೇಳಿ ಕಳಿಸಿದ್ರ ನಾವ ಒಂದು ತುಂಡು ಕೊಡ್ತಿದ್ದಿವಲ್ಲ."

ಹೆಂಗಸರು ಕಿಸಕ್ಕನೆ ನಕ್ಕರು. ಜೀವಮಾನದಲ್ಲಿ ಹೊಲಿಯುವ ಬಟ್ಟೆಗೆ ಕೈ ಬಿಗಿ ಹಿಡಿಯದ ಹೆಂಗಸು, ಮನೆಯ ಹುಡುಗಿಯರನ್ನೆಲ್ಲ ಡೇರೆಯೊಳಗೆ ಬೆಳೆಸಿದವಳು, ಈಗ ಬಟ್ಟೆ ಉಳಿಸಿದ ಜಿಪುಣಿ! ದೊಡ್ಡವ್ವ ಗೋಡೆ ಬಿಟ್ಟು ಎದ್ದು ಬಂದಳು. ಕುಬುಸದ ಬದಿಯ ಮೇಲೆ ಬೆರಳಾಡಿಸಿದಳು. ಮಷಿನ್ ಹೊಲಿಗೆ ಬೆರಳಿಗೆ ಸಿಕ್ಕಿತು. ಕಡಿದ ತೋಳು ನೋಡಿದಳು. ನನ್ನನ್ನು ನೋಡಿದಳು. ಆ ನೋಟ ಈಗಲೂ ನನಗೆ ಬೇಡ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಹೌದ್ರಿ ನೀಲಮ್ಮ. ಕಣ್ಣು ಮಂಜಾಗ್ಯಾವ. ಅಳತಿ ತಪ್ಪಿದೆ" ಎಂದಳು. ಅಳತೆಯನ್ನೇ ತೆಗೆಯದವಳು, ಅಳತೆ ತಪ್ಪಿದೆ ಎಂದಳು. ತವರಿನ ಕುಬುಸಕ್ಕೆ ಬಸುರಿಯೇ ಕತ್ತರಿ ಹಾಕಿಸಿದಳೆಂದು ಈ ಮನೆಯಲ್ಲಿ ಗೊತ್ತಾದರೆ, ಮುಂದೆ ಕೂಸಿಗೆ ನೆಗಡಿಯಾದರೂ ಆ ಕತ್ತರಿಯದೇ ಹೆಸರು ಬರುತ್ತಿತ್ತು. ಅದು ಅವಳಿಗೆ ತಿಳಿದಿತ್ತು. "ಒಂದು ಖಣ ಕೊಡ್ರಿ ಯಾರರ. ನಡುವ ಪಟ್ಟಿ ಕೂಡಸ್ತೀನಿ. ಸೆರಗು ಮುಚ್ಚತದ" ಎಂದಳು.

"ತೊಗೋರಿ, ನಂದ ತೊಗೋರಿ" ಎಂದು ನೀಲಮ್ಮ ನನ್ನ ಉಡಿಗೆಂದು ತಂದಿದ್ದ ಮೂರು ಮೂಲೆಯ ಖಣವನ್ನು ದಾನಶೂರೆಯ ಹಾಗೆ ಮುಂದೆ ಚಾಚಿದಳು. ಮಾತಿನ ಭರದಲ್ಲಿ ಖಣದ ಮೂಲ ಧರ್ಮವನ್ನೇ ಮರೆತಿದ್ದಳು. ಕೊಟ್ಟ ಖಣವನ್ನು ಬಿಚ್ಚಲು ಬಿಡಬಾರದು.

ದೊಡ್ಡವ್ವ ಬಿಚ್ಚಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ, ಅಷ್ಟಕ್ಕೇ ಮುಗಿದುಹೋಯಿತು. ನನ್ನ ಎದೆಯ ಮೇಲೆ ಹಿಡಿದರೆ ಕೊರಳಿನಿಂದ ಹೊರಟ ಖಣ ನಡುದಾರಿಯಲ್ಲೇ ನಿಂತಿತು. ಮಡಿಕೆಯಿದ್ದಲ್ಲೆಲ್ಲ ಬಣ್ಣ ಹೋಗಿ ಗೆರೆ ಬಿದ್ದಿತ್ತು. ಎಷ್ಟು ಊರು ತಿರುಗಿತ್ತೋ. ಕೋಣೆಯಲ್ಲಿ ಈಗ ಎದ್ದ ನಗು ಮೊದಲಿನದಕ್ಕಿಂತ ದೊಡ್ಡದು, ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡರು. ನೀಲಮ್ಮನ ಮುಖ ಅರಿಶಿನದಂತಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹುಕ್ಕು ಹಾಕಿದ್ದರೆ ಅಷ್ಟೂ ಕಿತ್ತು ಬೀಳುತ್ತಿದ್ದವು.

ದೊಡ್ಡವ್ವನೊಬ್ಬಳು ನಗಲಿಲ್ಲ. ಅವಳ ಹೆಬ್ಬೆರಳು ಖಣದ ಒಂದು ಮೂಲೆಯನ್ನು ಒತ್ತಿ ಹಿಡಿದಿತ್ತು. "ಸಾಕು ಬಿಡ್ರಿ ಯವ್ವಾ. ಉಡಿ ತುಂಬೋ ಖಣ ಯಾರರ ಅಳೀತಾರೇನು? ಅವರು ಮನಸಾರೆ ಕೊಟ್ಟಾರ, ಅದ ದೊಡ್ಡದು" ಎಂದು ನೀಲಮ್ಮನ ಪರವಾಗಿ ಮಾತಾಡಿದಳು! ಆಮೇಲೆ ಎಲ್ಲರನ್ನೂ, "ನೀವು ನಡೀರಿ, ಪದಾ ಹಚ್ರಿ, ಕರ್ಕೊಂಡು ಬರ್ತೀನಿ" ಎಂದು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ದೊಡ್ಡವ್ವ, ನಾ..." ಎಂದೆ.

ಅವಳು ಮೂಲೆಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ನನ್ನ ಬಾಯಿಗಿಟ್ಟಳು. ಮೈಮೇಲಿದ್ದ ಬಟ್ಟೆಗೆ ಸೂಜಿ ಹಾಕುವಾಗ ತೊಟ್ಟವರು ಕಡ್ಡಿ ಕಚ್ಚಬೇಕು, ಇಲ್ಲದಿದ್ದರೆ ಕೇಡು ಎನ್ನುತ್ತಾರೆ. "ಕಚ್ಚು. ಬಿಟ್ಟಿ ಅಂದ್ರ ನೋಡು" ಎಂದಳು. ಹೇಳಬೇಕಾದ ಮಾತೆಲ್ಲ ಕಡ್ಡಿಯ ಹಿಂದೆ ಉಳಿಯಿತು.

ನನ್ನನ್ನು ಕೂರಿಸಿ, ಎದುರಿಗೆ ಮಂಡಿಯೂರಿ ಕುಳಿತು, ಗೇಣು ಹಾಕಿ ನನ್ನ ಎದೆಯ ಅಗಲ ಅಳೆದಳು. ಮತ್ತೊಮ್ಮೆ ಅಳೆದಳು. ನನಗೆ ಗೊತ್ತಿದ್ದ ಹಾಗೆ ದೊಡ್ಡವ್ವ ನನ್ನನ್ನು ಅಳೆದದ್ದು ಅದೇ ಮೊದಲು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಖಣ ಸೀಳಿ ಒಂದರ ಕೆಳಗೊಂದು ಕೂಡಿಸಿ, ಹೊಲಿಯತೊಡಗಿದಳು. ಅವಳ ಮುಖ ನನ್ನ ಮುಖಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಅವಳ ಕಣ್ಣು ನಿಜವಾಗಿಯೂ ಮಂಜಾಗಿದ್ದು ನನಗೆ ಕಾಣಿಸಿತು. ಹೊರಗೆ ಸೋಬಾನ ಪದ ಶುರುವಾಗಿತ್ತು. ಅವಳ ಮುಂಗೈ ನನ್ನ ಹೊಟ್ಟೆಗೆ ತಾಗಿದಾಗ ಒಳಗಿನಿಂದ ಒದೆತ ಬಿತ್ತು. "ಇದಕ್ಕೂ ಬಿಗಿ ಆಗ್ಯಾದ" ಎಂದಳು, ತಲೆಯೆತ್ತದೆ. ಸ್ವಲ್ಪ ಹೊತ್ತಾದ ಮೇಲೆ ಖಣದ ಮೂಲೆಯನ್ನು ನನ್ನ ಕಣ್ಣಿಗೆ ಹಿಡಿದಳು. ಬಣ್ಣ ಮಾಸಿದ ಆ ಮೂಲೆಯಲ್ಲಿ ಒಂದು ಅಡ್ಡ, ಒಂದು ಉದ್ದ, ಕೆಂಪು ಟಾಕಿ.

"ನಂದ ಅದ" ಎಂದಳು, ಪಿಸುಮಾತಿನಲ್ಲಿ. "ನಿನ್ನ ಲಗ್ನದಾಗ ಕೊಟ್ಟಿದ್ದು. ಕಿಸಕ್ ಅಂದಿ ಅಂದ್ರ ಸೂಜಿ ಚುಚ್ಚತೀನಿ."

ನಾನು ಕಡ್ಡಿ ಕಚ್ಚಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕೆ. ನೀರು ನಗುವಿನದೊಂದೇ ಆಗಿರಲಿಲ್ಲ. ಅವಳೂ ತುಟಿ ಕಚ್ಚಿಕೊಂಡಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ಚುಚ್ಚಲೂ ಚುಚ್ಚಿದಳು, ಬೇಕೆಂದೋ ಏನೋ.

ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತಾಗ ಕುಬುಸ ನನ್ನ ಮೈಗೆ ಕೂದಲೆಳೆಯಷ್ಟೂ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಕುಳಿತಿತ್ತು. ಧಾರಾಳವಾಗಿ ಉಸಿರಾಡಿದೆ. ನಡುವೆ ಊರೂರು ಸುತ್ತಿ ಬಂದ ಮಾಸಲು ಪಟ್ಟಿ, ಅದರ ಮೇಲೆ ಸೆರಗು. ಬಾಗಿಲಿನ ಸಂದಿಯಿಂದ ದೊಡ್ಡವ್ವ ನೋಡುತ್ತಿದ್ದಳು. ನಾನು ಒಳಗೆ ಬಾ ಎಂದು ಕರೆದೆ, ಎಲ್ಲರಿಗೂ ಕೇಳುವ ಹಾಗೆಯೇ ಕರೆದೆ. ಪದ ಹೇಳುತ್ತಿದ್ದವರು ಒಂದು ಸಾಲು ತಪ್ಪಿದರು. ಅವಳು ಬರಲಿಲ್ಲ. ಕೈಯಲ್ಲೇ, ಸುಮ್ಮನಿರು ಎಂದಳು.

ಊಟವಾಗಿ, ಬೀಗರೆಲ್ಲ ಬಸ್ಸಿಗೆ ಹೋದ ಮೇಲೆ ಒಳಕೋಣೆಗೆ ಬಂದೆ. ಹುಕ್ಕಿಲ್ಲ, ಗಂಟಿಲ್ಲ. ಎರಡೂ ಬದಿಗೆ ಕೈಹೊಲಿಗೆ. ದೊಡ್ಡವ್ವ ನನ್ನನ್ನು ಕುಬುಸದೊಳಗೆ ಇಟ್ಟೇ ಹೊಲಿದುಬಿಟ್ಟಿದ್ದಳು. "ಇದನ್ನ ಹೆಂಗ ಕಳಿಯೋದು?" ಎಂದೆ.

ಅವಳು ತನ್ನ ಚೀಲಕ್ಕೆ ಕೈ ಹಾಕಿ ಕಬ್ಬಿಣದ ಕತ್ತರಿ ತೆಗೆದಳು. ಯಾರೂ ಮುಟ್ಟಬಾರದಿದ್ದ ಕತ್ತರಿ. ಸೆರಗಿನಿಂದ ಒರೆಸಿ, ಹಿಡಿಕೆಯ ಕಡೆಯನ್ನು ನನ್ನ ಕೈಗೆ ಕೊಟ್ಟು, ಎದುರಿಗೆ ಚಕ್ಕಂಬಕ್ಕಳ ಹಾಕಿ ಕುಳಿತಳು.

"ಹ್ಞಾಂ, ಕತ್ತರ್ಸು" ಎಂದಳು. "ಈ ಸಲ ನನ್ನ ಮುಂದ ಕತ್ತರ್ಸು."